ಬಾಡಿಗೆ ಮನೆ, ಎರಡು ಸೈಕಲ್, ಖಾಲಿ ಇರೋದು ಒಂದೇ ಗೋಡೆ. ನೇತು ಹಾಕೋದು ಹೇಗೆ?

ವಿಜಯನಗರದ ಸವಾರ
ಬೆಂಗಳೂರಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಮನೆ, ಎರಡನೇ ಮಹಡಿ, ಲಿಫ್ಟ್ ಇಲ್ಲ. ನನ್ನದೊಂದು ಹೈಬ್ರಿಡ್ ಸೈಕಲ್, 700ಸಿ ಅಂತ ಕರೆಯುವ ದೊಡ್ಡ ಅಳತೆಯ ಚಕ್ರದ್ದು. ಮನೆಯವಳದ್ದು ಬುಟ್ಟಿ, ಕ್ಯಾರಿಯರ್ ಎಲ್ಲ ಇರುವ ಲೇಡೀಸ್ ಸೈಕಲ್. ಕೆಳಗೆ ಪಾರ್ಕಿಂಗ್‌ನಲ್ಲಿ ಬಿಡೋಣ ಅಂದರೆ ಪಕ್ಕದ ಮನೆಯವರ ಸೈಕಲ್‌ನ ಸೀಟು ರಾತ್ರೋರಾತ್ರಿ ಮಾಯವಾಗಿದೆ. ಈಗ ಎರಡೂ ಹಾಲ್‌ನಲ್ಲಿ ಸೋಫಾಗೆ ಒರಗಿಕೊಂಡು ನಿಂತಿವೆ, ನೆಂಟರು ಬಂದರೆ ಬೆಡ್‌ರೂಮಿಗೆ ಹೋಗುತ್ತವೆ.

ಖಾಲಿ ಇರೋದು ಬಾಗಿಲು ದಾಟಿದ ಮೇಲೆ ಸಿಗುವ ಪ್ಯಾಸೇಜ್‌ನ ಗೋಡೆ ಮಾತ್ರ. ಪ್ಯಾಸೇಜ್ ಅಗಲ ಮೂರೂವರೆ ಅಡಿ. ಓನರ್‌ನ ಕೇಳಿದೆ. "ತೂತು ಹೊಡೀರಿ, ಖಾಲಿ ಮಾಡುವಾಗ ಗೋಡೆ ಹೇಗಿತ್ತೋ ಹಾಗೇ ಇರಬೇಕು" ಅಂದರು. ಒಂದು ಚಕ್ರ ಮೇಲೆ ಒಂದು ಕೆಳಗೆ ಬರುವ ಹಾಗೆ ಉದ್ದುದ್ದಕ್ಕೆ ನೇತು ಹಾಕಬೇಕಾ, ಅಡ್ಡ ಹಾಕಬೇಕಾ? ಗೋಡೆ ತಡೆಯುತ್ತಾ?

ಕಾಂಕ್ರೀಟ್ ಕಾಡು
ಮೊದಲು ಗೋಡೆ ಯಾವುದರದ್ದು ಹೇಳಿ. ಕೊಕ್ಕೆ ವಿಷಯ ಆಮೇಲೆ.

ರಾಜಾಜಿನಗರ ರೈಡರ್
ಇಷ್ಟೊಂದು ಯೋಚನೆ ಯಾಕೆ ಗುರು. ಆನ್‌ಲೈನ್‌ನಲ್ಲಿ ಕೊಕ್ಕೆ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸ್ಕ್ರೂ, ಪ್ಲಗ್ಗು ಅದರ ಜೊತೆಗೇ ಬರುತ್ತವೆ. ಮುಂದಿನ ಚಕ್ರ ಸಿಕ್ಕಿಸಿ, ಬಿಟ್ಟುಬಿಡಿ. ನನ್ನದು ಹಾಗೇ ಇದೆ, ಗೋಡೆ ಬಿದ್ದಿಲ್ಲ.

ಸೈಟ್ ಎಂಜಿನಿಯರಮ್ಮ
ನಿಮ್ಮ ಗೋಡೆ ಬಿದ್ದಿಲ್ಲ ಅಂದರೆ ನಿಮ್ಮ ಗೋಡೆ ಚೆನ್ನಾಗಿದೆ ಅಂತ ಅಷ್ಟೇ ಅರ್ಥ ಸರ್. ಬೆಂಗಳೂರಿನ ಮನೆಗಳಲ್ಲಿ ಗೋಡೆ ಒಂದೇ ಥರ ಇರುವುದಿಲ್ಲ. ಹಳೇ ಮನೆಯಾದರೆ ಸುಟ್ಟ ಇಟ್ಟಿಗೆ. ಆಮೇಲೆ ಬಂದವುಗಳಲ್ಲಿ ಸಾಲಿಡ್ ಸಿಮೆಂಟ್ ಬ್ಲಾಕ್, ಕೆಲವು ಕಡೆ ಒಳಗೆ ಟೊಳ್ಳಾಗಿರುವ ಹಾಲೋ ಬ್ಲಾಕ್. ಈಗಿನ ಅಪಾರ್ಟ್‌ಮೆಂಟ್‌ಗಳಲ್ಲಿ ಜಾಸ್ತಿ ಎಎಸಿ ಬ್ಲಾಕ್, ಅದೇ ಬಿಳಿ ಬೂದು ಬಣ್ಣದ ಹಗುರದ ಬ್ಲಾಕು. ಅಲ್ಯೂಮಿನಿಯಂ ಶಟರಿಂಗ್ (ಕಾಂಕ್ರೀಟ್ ಸುರಿಯುವ ಅಚ್ಚು) ಹಾಕಿ ಕಟ್ಟಿದ ದೊಡ್ಡ ಪ್ರಾಜೆಕ್ಟುಗಳಲ್ಲಿ ಗೋಡೆಯೇ ಪೂರ್ತಿ ಕಾಂಕ್ರೀಟು.

ಇಟ್ಟಿಗೆ, ಸಾಲಿಡ್ ಬ್ಲಾಕ್ ಆದರೆ ಸೈಕಲ್ ಭಾರ ಒಂದು ಲೆಕ್ಕವೇ ಅಲ್ಲ, ಸರಿಯಾದ ಆಂಕರ್ ಫಾಸ್ಟನರ್, ಅಂದರೆ ತೂತಿನೊಳಗೆ ಹಿಗ್ಗಿ ಗೋಡೆ ಹಿಡಿಯುವ ಬೋಲ್ಟು, ಹಾಕಿದರೆ ಸಾಕು. ಪೂರ್ತಿ ಕಾಂಕ್ರೀಟ್ ಆದರೆ ಇನ್ನೂ ಗಟ್ಟಿ, ಆದರೆ ಮನೆಯಲ್ಲಿರುವ ಚಿಕ್ಕ ಡ್ರಿಲ್ಲು ಅಲ್ಲಿ ಅಳುತ್ತದೆ, ಗುದ್ದುತ್ತಾ ಕೊರೆಯುವ ದೊಡ್ಡ ಡ್ರಿಲ್ಲು, ರೋಟರಿ ಹ್ಯಾಮರ್ ಬೇಕು. ತೊಂದರೆ ಇರೋದು ಎಎಸಿಯಲ್ಲಿ. ಅದು ಗುಳ್ಳೆ ಗುಳ್ಳೆಯಾದ ವಸ್ತು. ಅದಕ್ಕೆ ಹಿಗ್ಗುವ ಸ್ಟೀಲ್ ಆಂಕರ್ ಹಾಕಿ ಟೈಟ್ ಮಾಡಿದರೆ ಸುತ್ತಲಿನ ಬ್ಲಾಕು ಪುಡಿಯಾಗುತ್ತದೆ. ಮೊದಲ ದಿನ ಗಟ್ಟಿ ಇದ್ದ ಹಾಗೆ ಕಾಣುತ್ತದೆ, ದಿನಾ ಸೈಕಲ್ ಹತ್ತಿಸಿ ಇಳಿಸಿ ಮಾಡುವಾಗ ಮೆಲ್ಲಗೆ ಸಡಿಲವಾಗುತ್ತದೆ. ಅದಕ್ಕೆ ಅಂತಲೇ ಉದ್ದನೆ ನೈಲಾನ್ ಪ್ಲಗ್ ಬರುತ್ತದೆ, ಇಲ್ಲವೇ ತೂತಿಗೆ ಅಂಟು ತುಂಬಿ ಕೂರಿಸುವ ಕೆಮಿಕಲ್ ಆಂಕರ್ ಹಾಕಿಸಬೇಕು. ಡ್ರಿಲ್‌ನಲ್ಲಿ ಹ್ಯಾಮರ್ ಆಫ್ ಮಾಡಿ ಬರೀ ತಿರುಗಿಸಿಯೇ ತೂತು ಹೊಡೆಯಬೇಕು.

ಇನ್ನೊಂದು. ಗೋಡೆ ಮೇಲೆ 12ರಿಂದ 15 ಮಿಲಿಮೀಟರ್ ಪ್ಲಾಸ್ಟರ್ ಇರುತ್ತದೆ. ಕೊಕ್ಕೆ ಜೊತೆ ಬರುವ ಗಿಡ್ಡ ಸ್ಕ್ರೂನ ಅರ್ಧ ಉದ್ದ ಬರೀ ಪ್ಲಾಸ್ಟರ್‌ನಲ್ಲೇ ಮುಗಿಯುತ್ತದೆ. ಪ್ಲಾಸ್ಟರ್ ಯಾವ ಭಾರವನ್ನೂ ಹೊರುವುದಿಲ್ಲ. ಡಬ್ಬಿಯಲ್ಲಿ ಬಂದ ಸ್ಕ್ರೂ ಪಕ್ಕಕ್ಕಿಡಿ, ಹಾರ್ಡ್‌ವೇರ್ ಅಂಗಡಿಯಲ್ಲಿ ನಿಮ್ಮ ಗೋಡೆಗೆ ತಕ್ಕದ್ದು ತನ್ನಿ.

ವಿಜಯನಗರದ ಸವಾರ
ಮೇಡಂ, ತೂತು ಹೊಡೆಯದೇ ಗೋಡೆ ಯಾವುದು ಅಂತ ತಿಳಿಯೋದು ಹೇಗೆ? ಓನರ್‌ಗೇ ಗೊತ್ತಿಲ್ಲ, ಅವರು ಕಟ್ಟಿದ್ದನ್ನೇ ಕೊಂಡಿದ್ದು.

ಸೈಟ್ ಎಂಜಿನಿಯರಮ್ಮ
ಕರ್ಟನ್ ರಾಡ್‌ಗೋ ಗಡಿಯಾರಕ್ಕೋ ಹೊಡೆದ ಹಳೇ ತೂತು ಎಲ್ಲಾದರೂ ಇರುತ್ತದೆ ಅಲ್ವಾ, ಅದರಲ್ಲಿ 6 ಮಿಲಿಮೀಟರ್ ಬಿಟ್ ಹಾಕಿ ಒಂದು ಸುತ್ತು ತಿರುಗಿಸಿ. ಕೆಂಪು ಪುಡಿ ಬಂದರೆ ಇಟ್ಟಿಗೆ. ಬೂದು ಬಣ್ಣದ ಮರಳು ಮರಳಾದ ಪುಡಿ ಬಂದು ಒಳಗೆ ಗಟ್ಟಿ ಇದ್ದರೆ ಸಿಮೆಂಟ್ ಬ್ಲಾಕ್. ತಳ್ಳಿದ ತಕ್ಷಣ ಸಲೀಸಾಗಿ ಒಳಗೆ ಹೋಗಿ ನುಣ್ಣನೆ ಬಿಳಿ ಪುಡಿ ಬಂದರೆ ಎಎಸಿ. ಸ್ವಲ್ಪ ದೂರ ಗಟ್ಟಿ ಇದ್ದು ಆಮೇಲೆ ದಡಕ್ಕನೆ ಖಾಲಿ ಸಿಕ್ಕರೆ ಹಾಲೋ ಬ್ಲಾಕ್. ಹೊರಗಿನ ಗೋಡೆಗೂ ಒಳಗಿನ ಗೋಡೆಗೂ ಬೇರೆ ಬೇರೆ ಬ್ಲಾಕ್ ಹಾಕಿರುತ್ತಾರೆ, ಅದಕ್ಕೇ ಪ್ಯಾಸೇಜ್ ಗೋಡೆಯಲ್ಲೇ ನೋಡಬೇಕು.

ಚೈನ್ ಕಳಚಿದವ
ಚಕ್ರದಿಂದ ನೇತು ಹಾಕಬೇಡಿ ಅನ್ನೋದು ನನ್ನ ಅಭಿಪ್ರಾಯ. ಪೂರ್ತಿ ಭಾರ ಒಂದೇ ಕಡೆ ಬಿದ್ದರೆ ರಿಮ್ ಸೊಟ್ಟಗಾಗುತ್ತದೆ, ಬೆಂಡ್ ತೆಗೆಸೋಕೆ ಮತ್ತೆ ದುಡ್ಡು.

ಗ್ರೀಸ್ ಕೈ
ಸೈಕಲ್ ರಿಪೇರಿ ನನ್ನ ಕಸುಬು, ಅದಕ್ಕೆ ಹೇಳುತ್ತಿದ್ದೇನೆ. ಎಪ್ಪತ್ತು ಎಂಬತ್ತು ಕೆಜಿ ಆಸಾಮಿ ಕೂತು ಹಂಪ್ ಹಾರಿಸಿದರೂ ತಡೆಯುವ ರಿಮ್ಮು, ಹದಿನೈದು ಕೆಜಿ ಸೈಕಲ್ ನೇತು ಹಾಕಿದರೆ ಸೊಟ್ಟಗಾಗುತ್ತಾ? ಮಾಮೂಲಿ ಅಲ್ಯೂಮಿನಿಯಂ ರಿಮ್‌ಗೆ ಏನೂ ಆಗುವುದಿಲ್ಲ. ಕಾರ್ಬನ್ ರಿಮ್ ಇರುವವರು ಮಾತ್ರ ಕಂಪನಿಯವರು ಏನು ಹೇಳಿದ್ದಾರೆ ನೋಡಿಕೊಳ್ಳಿ. ಕೊಕ್ಕೆಗೆ ರಬ್ಬರ್ ಹೊದಿಕೆ ಇರಲಿ, ಇಲ್ಲದಿದ್ದರೆ ರಿಮ್ ಮೇಲೆ ಗೀರು ಬೀಳುತ್ತದೆ.

ನೋಡಿಕೊಳ್ಳಬೇಕಾದ್ದು ಬೇರೆ ಒಂದಿದೆ. ಪೈಪಿನೊಳಗಿನ ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದು, ಅದರೊಳಗೆ ಸ್ವಲ್ಪ ಗಾಳಿ ಉಳಿದಿದ್ದರೆ, ಸೈಕಲ್ ಮೂತಿ ಮೇಲೆ ಮಾಡಿ ಬಹಳ ಹೊತ್ತು ನೇತು ಹಾಕಿದಾಗ ಆ ಗಾಳಿ ಪೈಪಿಗೆ ಸರಿಯುತ್ತದೆ. ಬೆಳಗ್ಗೆ ಹತ್ತಿದಾಗ ಬ್ರೇಕ್ ಮೆತ್ತಗಿರುತ್ತದೆ. ಕೆಳಗಿಳಿಸಿ ನಾಲ್ಕೈದು ಸಲ ಲಿವರ್ ಹಿಡಿದು ನೋಡಿಯೇ ರೋಡಿಗೆ ಇಳಿಯಿರಿ. ಪ್ರತಿ ಸಲ ಮೆತ್ತಗಾದರೆ ಅದು ಕೊಕ್ಕೆಯ ತಪ್ಪಲ್ಲ, ಬ್ರೇಕ್ ಬ್ಲೀಡ್ ಮಾಡಿಸಬೇಕು, ಅಂದರೆ ಒಳಗಿನ ಗಾಳಿ ತೆಗೆಸಬೇಕು. ಕೇಬಲ್ ಬ್ರೇಕ್‌ನವರಿಗೆ ಈ ಚಿಂತೆಯೇ ಇಲ್ಲ.

ಚೈನ್ ಕಳಚಿದವ
ಆದರೂ ನಾನು ಫ್ರೇಮ್‌ನಿಂದಲೇ ಹಾಕೋದು. ನೋಡೋಕೂ ಚಂದ.

ಗ್ರೀಸ್ ಕೈ
ಚಂದ ಅನ್ನೋದಾದರೆ ಒಪ್ಪಿದೆ. ರಿಮ್ ಬೆಂಡಾಗುತ್ತೆ ಅನ್ನೋದನ್ನ ಒಪ್ಪಲ್ಲ.

ಟೇಪು ಹಿಡಿದವಳು
ಎಲ್ಲರೂ ಕೊಕ್ಕೆ ಬಗ್ಗೆ ಜಗಳ ಆಡುತ್ತಿದ್ದೀರಿ, ಅವರ ಪ್ಯಾಸೇಜ್ ಅಗಲ ಯಾರೂ ಓದಿಲ್ಲ. ಮೂರೂವರೆ ಅಡಿ ಅಂದರೆ ಸುಮಾರು 107 ಸೆಂಟಿಮೀಟರ್. ದೊಡ್ಡವರ ಸೈಕಲ್‌ನ ಚಕ್ರ ಗೋಡೆಗೆ ತಾಗಿಸಿ ಉದ್ದಕ್ಕೆ ನೇತು ಹಾಕಿದರೆ ಹ್ಯಾಂಡಲ್ ಗೋಡೆಯಿಂದ ಒಂದು ಮೀಟರ್, ಕೆಲವಕ್ಕೆ ಅದಕ್ಕೂ ಸ್ವಲ್ಪ ಮುಂದಕ್ಕೆ ಬರುತ್ತದೆ. ಅಂದರೆ ಪ್ಯಾಸೇಜ್ ಬಂದ್! ಹಾಲು ತರೋಕೆ ಹೋದವರು ಒಳಗೆ ಬರೋಕಾಗಲ್ಲ.

ಅಡ್ಡ ಹಾಕಿದರೆ ಗೋಡೆ ಉದ್ದಕ್ಕೆ ಸುಮಾರು 175 ಸೆಂಟಿಮೀಟರ್ ಬೇಕು. ಮುಂದಕ್ಕೆ ಬರೋದು ಹ್ಯಾಂಡಲ್ ಎಷ್ಟು ಅಗಲವೋ ಅಷ್ಟು, ಹೈಬ್ರಿಡ್‌ಗೆ 60ರಿಂದ 66, ಎಂಟಿಬಿ (ಮೌಂಟನ್ ಬೈಕ್) ಆದರೆ 70ರ ಮೇಲೆ. ನಿಮ್ಮಲ್ಲಿ ನಡೆಯೋಕೆ ಉಳಿಯೋದು 40 ಚಿಲ್ಲರೆ. ಇದೂ ಕಷ್ಟವೇ, ಸೈಕಲ್ಲನ್ನು ನಮ್ಮ ತಲೆಗಿಂತ ಎತ್ತರಕ್ಕೆ ಏರಿಸದ ಹೊರತು.

ಮೂರನೇದು ತಿರುಗುವ ಕೊಕ್ಕೆ. ಉದ್ದಕ್ಕೇ ನೇತು ಹಾಕಿ, ಆಮೇಲೆ ಬಾಗಿಲಿನ ರೆಕ್ಕೆ ಥರ ಸೈಕಲ್ಲನ್ನು ಪಕ್ಕಕ್ಕೆ ಮಡಚಿ ಗೋಡೆಗೆ ಒರಗಿಸೋದು. ಹ್ಯಾಂಡಲ್ ಸ್ವಲ್ಪ ಓರೆ ಮಾಡಿದರೆ ಜಾಗ ಚೆನ್ನಾಗಿ ಉಳಿಯುತ್ತದೆ. ಮೂರೂವರೆ ಅಡಿ ಪ್ಯಾಸೇಜ್‌ಗೆ ಇದೊಂದೇ ದಾರಿ ಅಂತ ನನಗನ್ನಿಸುತ್ತದೆ. ಕೊಳ್ಳುವ ಮುಂಚೆ ಹಳೇ ನ್ಯೂಸ್‌ಪೇಪರ್ ಜೋಡಿಸಿ ಸೈಕಲ್ ಆಕಾರಕ್ಕೆ ಕತ್ತರಿಸಿ ಗೋಡೆಗೆ ಅಂಟಿಸಿ ನೋಡಿ. ಬಾಗಿಲು ಪೂರ್ತಿ ತೆಗೆಯುತ್ತಾ, ಸ್ವಿಚ್‌ಗೆ ಕೈ ಎಟಕುತ್ತಾ ಎಲ್ಲ ಆಗಲೇ ಗೊತ್ತಾಗುತ್ತದೆ.

ರಾಜಾಜಿನಗರ ರೈಡರ್
ಪೇಪರ್ ಸೈಕಲ್ ಕತ್ತರಿಸೋಷ್ಟು ಟೈಮ್ ಇದ್ದರೆ ನಾನು ನಂದಿಬೆಟ್ಟಕ್ಕೆ ಹೋಗಿಬರ್ತೀನಿ ಮೇಡಂ.

ಟೇಪು ಹಿಡಿದವಳು
ಹೋಗಿ ಬನ್ನಿ. ಬಂದ ಮೇಲೆ ಸೈಕಲ್ ಎಲ್ಲಿಡ್ತೀರಿ?

ಕುಡ್ಲದ ಮಳೆ
ನಮ್ಮ ಮಂಗಳೂರಲ್ಲಿ ಇದೆಲ್ಲ ಇಲ್ಲ ಮಾರಾಯ್ರೆ, ಬಾಲ್ಕನಿಯಲ್ಲಿ ಇಡುವುದು. ಆದರೆ ಜೂನ್ ಬಂತೆಂದರೆ ಸೆಪ್ಟೆಂಬರ್‌ವರೆಗೆ ಚೈನು ಕೆಂಪು. ಪ್ಲಾಸ್ಟಿಕ್ ಹೊದಿಸಿದರೆ ಇನ್ನೂ ಕೇಡು, ಒಳಗೆ ಸೆಕೆಗೆ ನೀರು ನಿಂತು ಬೋಲ್ಟು ನಟ್ಟೆಲ್ಲ ತುಕ್ಕು. ಒಳಗೆ ಗೋಡೆ ಇದ್ದರೆ ಒಳಗೇ ಹಾಕಿ.

ಹುಬ್ಬಳ್ಳಿ ಹುಡುಗ
ನನಗ ಒಂದು ಡೌಟ್ ಅದ ರೀ. ಮನೆಯವರ ಸೈಕಲ್ಲಿಗೆ ಮೇಲಿನ ಅಡ್ಡ ರಾಡ್ ಇರೂದಿಲ್ಲ. ಅಡ್ಡ ಹಾಕೋ ಕೊಕ್ಕೆಗೆ ಅದನ್ನ ಹೆಂಗ ಸಿಗಿಸೋದು?

ಗ್ರೀಸ್ ಕೈ
ಒಳ್ಳೇ ಪ್ರಶ್ನೆ. ಸೀಟಿನ ಕಂಬದಿಂದ ಹ್ಯಾಂಡಲ್ ಕಂಬಕ್ಕೆ ಅಡ್ಡ ಹಾಕುವ ಒಂದು ಸರಳು ಸಿಗುತ್ತದೆ, ಕಾರಿನ ಹಿಂದೆ ಸೈಕಲ್ ಕಟ್ಟುವವರು ಬಳಸುತ್ತಾರೆ. ಅದನ್ನು ಹಾಕಿದರೆ ಲೇಡೀಸ್ ಸೈಕಲ್ಲೂ ಅಡ್ಡ ನಿಲ್ಲುತ್ತದೆ. ಚಕ್ರದಿಂದ ಹಾಕೋದಾದರೆ ಮುಂದಿನ ಬುಟ್ಟಿ ಕೊಕ್ಕೆಗೆ ಅಡ್ಡ ಬರುತ್ತದೆ. ಹಿಂದಿನ ಚಕ್ರ ಸಿಕ್ಕಿಸೋಣ ಅಂದರೆ ಕ್ಯಾರಿಯರ್, ಉದ್ದನೆ ಮಡ್‌ಗಾರ್ಡ್. ಆ ಸೈಕಲ್‌ನ ಸುಮ್ನೆ ನೆಲದ ಮೇಲೇ ಬಿಡಿ. ಇವರದ್ದನ್ನ ಅದರ ಮೇಲೆ ಹಾಕಿ.

ಬಾಡಿಗೆ ಬದುಕು
ಬಾಡಿಗೆ ಮನೆಯಲ್ಲಿ ತೂತೇ ಯಾಕೆ? ಒರಗುವ ಸ್ಟ್ಯಾಂಡ್ ಬರುತ್ತದೆ, ಗೋಡೆಗೆ ಒರಗಿಕೊಂಡು ನಿಲ್ಲುತ್ತದೆ, ಎರಡು ಸೈಕಲ್ ಒಂದರ ಮೇಲೊಂದು. ಇನ್ನೊಂದು ನೆಲದಿಂದ ಸೀಲಿಂಗ್‌ವರೆಗೆ ಒತ್ತಿ ನಿಲ್ಲಿಸುವ ಕಂಬ. ಖಾಲಿ ಮಾಡುವಾಗ ಬಿಚ್ಚಿಕೊಂಡು ಹೋದರಾಯಿತು. ಇಲ್ಲಿ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಅಡ್ವಾನ್ಸ್‌ನಲ್ಲಿ ಹೇಗೂ ಮುರಿದುಕೊಳ್ಳುತ್ತಾರೆ, ಅದರ ಮೇಲೆ ತೂತಿನ ಲೆಕ್ಕ ಬೇರೆ ಕೊಡಬೇಕಾ?

ಸೈಟ್ ಎಂಜಿನಿಯರಮ್ಮ
ಕಂಬ ಹಾಕುವವರು ಫಾಲ್ಸ್ ಸೀಲಿಂಗ್ ಇದೆಯಾ ನೋಡಿ. ಜಿಪ್ಸಮ್ ಬೋರ್ಡ್‌ಗೆ ಒತ್ತಿದರೆ ಬೋರ್ಡೇ ಮೇಲೆದ್ದು ಒಡೆಯುತ್ತದೆ. ಕಂಬದ ತುದಿ ನೇರ ಸ್ಲ್ಯಾಬ್‌ಗೇ ತಾಗಬೇಕು. ನಮ್ಮ ಹಳೇ ಮನೆಗಳ ಸೀಲಿಂಗ್ ಹತ್ತು ಅಡಿ ಇರುತ್ತದೆ, ಕೆಲವು ಕಂಬ ಅಷ್ಟು ಉದ್ದ ಬರುವುದೇ ಇಲ್ಲ.

ಬಾಡಿಗೆ ಬದುಕು
ಪೇಂಟ್ ಹೊಡೆಸೋದೇ ಆದರೆ ನಾಲ್ಕು ತೂತಿಗೆ ಪುಟ್ಟಿ ಹಚ್ಚೋಕೆ ಏನು ಕಷ್ಟ ಅಂತ ಓನರ್‌ಗಳನ್ನ ಯಾರಾದರೂ ಕೇಳಿ ಸ್ವಾಮಿ.

ಅಗ್ರಹಾರದ ಸೊಸೆ
ನಮ್ಮ ಮನೆಯಲ್ಲಿ ಗೋಡೆ ಗಟ್ಟಿ, ಕೊಕ್ಕೆ ಗಟ್ಟಿ, ಆದರೆ ಖಾಲಿ ಇರೋದು ಈಶಾನ್ಯ ಮೂಲೆ. ಅಲ್ಲಿ ಭಾರ ಇಡಬಾರದು ಅಂತ ಅತ್ತೆ. ಅತ್ತೆಯ ಎರಡು ಚೀಲ ಅಕ್ಕಿ ಮಾತ್ರ ಅದೇ ಮೂಲೆಯಲ್ಲಿದೆ. ಕೇಳೋ ಹಾಗಿಲ್ಲ.

ಕಾಂಕ್ರೀಟ್ ಕಾಡು
ಆಯುಧಪೂಜೆ ದಿನ ಸೈಕಲ್ ಕೆಳಗಿಳಿಯುತ್ತೋ, ಗೋಡೆ ಮೇಲೇ ಕುಂಕುಮ ಹಚ್ಚುತ್ತೀರೋ?

ಅಗ್ರಹಾರದ ಸೊಸೆ
ಇಳಿಸಲೇಬೇಕು. ನಿಂಬೆಹಣ್ಣು ಗಾಳಿಯಲ್ಲಿ ಇಡೋಕಾಗುತ್ತಾ?

ಉಟ್ರೆಕ್ಟ್ ಕನ್ನಡಿಗ
ನಾನಿರೋದು ನೆದರ್‌ಲ್ಯಾಂಡ್ಸ್‌ನಲ್ಲಿ. ಇಲ್ಲಿ ಗೋಡೆಗೆ ನೇತು ಹಾಕುವವರು ಕಡಿಮೆ, ಯಾಕೆಂದರೆ ಹೊಸ ಮನೆ ಕಟ್ಟುವಾಗ ಸೈಕಲ್ ಇಡೋಕೆ ಸ್ಟೋರ್ ರೂಮ್ ಕೊಡಲೇಬೇಕು ಅಂತ ಕಟ್ಟಡದ ಕಾನೂನಿನಲ್ಲೇ ಇದೆ. ನಡುವೆ ಆ ನಿಯಮ ತೆಗೆದಿದ್ದರು, 2012ರಲ್ಲಿ ಮತ್ತೆ ತಂದರು. ನಮ್ಮ ಉಟ್ರೆಕ್ಟ್ ಊರಿನ ರೈಲ್ವೇ ಸ್ಟೇಷನ್ ಕೆಳಗೆ 12,500 ಸೈಕಲ್ ನಿಲ್ಲುವ ಜಾಗ ಇದೆ, ಎರಡು ಅಂತಸ್ತಿನ ರ‍್ಯಾಕ್‌ಗಳು. ಹಳೇ ಮನೆಗಳಲ್ಲಿ ಮಾತ್ರ ಗೋಳು, ಏಣಿಯಷ್ಟು ಕಡಿದಾದ ಮೆಟ್ಟಿಲು, ಸೈಕಲ್ ಮೇಲೆ ಹತ್ತಿಸೋಕೇ ಆಗಲ್ಲ. ಅಲ್ಲಿ ಎಲ್ಲರೂ ರಸ್ತೆಯಲ್ಲೇ ಬೀಗ ಹಾಕಿ ಬಿಡುತ್ತಾರೆ.

ರಾಜಾಜಿನಗರ ರೈಡರ್
ಬಂತು ನೋಡಿ ಫಾರಿನ್ ಕಥೆ.

ಮೆಟ್ಟಿಲ ಕೆಳಗೆ
ಫಾರಿನ್ ಕಥೆ ಅಂತ ತಳ್ಳಿಹಾಕಬೇಡಿ. ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಕಾರಿಗೆ ನಂಬರ್ ಬರೆದು ಗೆರೆ ಎಳೆದಿದ್ದಾರೆ. ಸೈಕಲ್‌ಗೆ ಪಂಪ್‌ಸೆಟ್ ಪಕ್ಕದ ಮೂಲೆ. ಅಲ್ಲಿ ಗಾಳಿ ಇಳಿದ ಮಕ್ಕಳ ಸೈಕಲ್ಲುಗಳ ರಾಶಿ, ಮಕ್ಕಳು ಕಾಲೇಜಿಗೆ ಹೋಗಿಯಾಗಿದೆ. ನಿಜವಾಗಿ ಓಡಿಸುವವನು ತನ್ನದನ್ನ ಆ ರಾಶಿಯಿಂದ ಎಳೆದು ತೆಗೆಯಬೇಕು. ಒಂದು ಕಾರಿನ ಜಾಗ ಕೊಟ್ಟರೆ ಹತ್ತು ಸೈಕಲ್ ನಿಲ್ಲುತ್ತವೆ ಅಂತ ಮೀಟಿಂಗ್‌ನಲ್ಲಿ ಹೇಳಿದರೆ ಎಲ್ಲರೂ ಫೋನ್ ನೋಡುತ್ತಾರೆ. ನಾವು ಡ್ರಿಲ್ಲು, ಕೊಕ್ಕೆ ಅಂತ ಒದ್ದಾಡೋದು ಅದಕ್ಕೇ ಅಲ್ವಾ?

ರಾಜಾಜಿನಗರ ರೈಡರ್
ಇದು ಸರಿ. ಮೆಟ್ಟಿಲ ರೇಲಿಂಗ್‌ಗೆ ಕಟ್ಟಿಬಿಡಿ, ಯಾರು ಕೇಳ್ತಾರೆ.

ಸೈಟ್ ಎಂಜಿನಿಯರಮ್ಮ
ನಾನು ಕೇಳ್ತೀನಿ. ಮೆಟ್ಟಿಲು ಬೆಂಕಿ ಬಿದ್ದಾಗ ಓಡಿ ಹೋಗುವ ದಾರಿ. ಕತ್ತಲಲ್ಲಿ, ಹೊಗೆಯಲ್ಲಿ ಹ್ಯಾಂಡಲ್‌ಗೆ ಸೀರೆಯೋ ಚೂಡಿದಾರವೋ ಸಿಕ್ಕಿಕೊಂಡರೆ ಏನು ಗತಿ? ಅಲ್ಲಿ ಚಪ್ಪಲಿ ಸ್ಟ್ಯಾಂಡ್ ಕೂಡ ಇಡಬಾರದು.

ಅಂದ ಹಾಗೆ ಅಡ್ಡ ಹಾಕುವವರಿಗೆ ಒಂದು ಚಿಕ್ಕ ಲೆಕ್ಕ. ಸೈಕಲ್ 15 ಕೆಜಿ, ಗೋಡೆಯಿಂದ 35 ಸೆಂಟಿಮೀಟರ್ ಮುಂದಕ್ಕೆ ಕೊಕ್ಕೆಯ ಒಂದೇ ತೋಳಿಗೆ ನೇತಾಡುತ್ತಿದೆ ಅಂದುಕೊಳ್ಳಿ. ಕೊಕ್ಕೆಯ ಪ್ಲೇಟಿನ ಮೇಲಿನ ಸ್ಕ್ರೂಗೂ ಕೆಳಗಿನ ಸ್ಕ್ರೂಗೂ 10 ಸೆಂಟಿಮೀಟರ್ ಅಂತರ ಇದ್ದರೆ, ಮೇಲಿನ ಸ್ಕ್ರೂವನ್ನು ಗೋಡೆಯಿಂದ ಹೊರಕ್ಕೆ ಎಳೆಯುವ ಬಲ 15 ಗುಣಿಸು 35, ಭಾಗಿಸು 10. ಸುಮಾರು 52 ಕೆಜಿ! ಅದೇ ಪ್ಲೇಟು 30 ಸೆಂಟಿಮೀಟರ್ ಅಂತರದ್ದಾದರೆ 18 ಕೆಜಿಯೊಳಗೆ ಇಳಿಯುತ್ತದೆ. ಡಬ್ಬಿ ಮೇಲೆ 30 ಕೆಜಿ ತಡೆಯುತ್ತೆ ಅಂತ ಬರೆದಿರುವುದು ಕಬ್ಬಿಣದ ಮಾತು, ನಿಮ್ಮ ಗೋಡೆಯ ಮಾತಲ್ಲ. ಉದ್ದನೆ ಪ್ಲೇಟ್ ಇರುವುದನ್ನೇ ನೋಡಿ.

ಕಾಂಕ್ರೀಟ್ ಕಾಡು
ಇದಕ್ಕೆ ಇನ್ನೊಂದು ದಾರಿ ಅಂದರೆ ಗೋಡೆಗೆ ಮೊದಲು ಒಂದು ಮರದ ಹಲಗೆ ಹೊಡೆಯೋದು. ನಾಲ್ಕೈದು ಅಡಿ ಉದ್ದದ ಗಟ್ಟಿ ಪ್ಲೈವುಡ್ ಪಟ್ಟಿ, ಅದಕ್ಕೆ ದೂರ ದೂರಕ್ಕೆ ಆರೇಳು ಸ್ಕ್ರೂ. ಕೊಕ್ಕೆ ಹಲಗೆಗೆ. ಎಳೆತ ಎಲ್ಲ ಸ್ಕ್ರೂಗೂ ಹಂಚಿಹೋಗುತ್ತದೆ, ಎಎಸಿ ಗೋಡೆಗೂ ಇದು ಒಳ್ಳೇದು.

ಮಾಗಡಿ ರೋಡ್ ಮೆಕ್ಯಾನಿಕಲ್
ರೆಡಿ ಕೊಕ್ಕೆಗೆ ದುಡ್ಡು ಯಾಕೆ ಹಾಕುತ್ತೀರಿ. ನಿಮ್ಮ ಏರಿಯಾದಲ್ಲಿ ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿಗೆ ಹೋಗಿ. 10 ಮಿಲಿಮೀಟರ್ ಕಬ್ಬಿಣದ ಸರಳು ಬಗ್ಗಿಸಿ, ಒಂದಡಿ ಉದ್ದದ ಪಟ್ಟಿಗೆ ಬೆಸುಗೆ ಹಾಕಿಸಿ, ಕೆಳಗಿಂದ ಒಂದು ಆಧಾರ ಕೊಡಿಸಿ. ಮೇಲೆ ಹಳೇ ಟ್ಯೂಬ್ ಸುತ್ತಿ. ಎಂಜಿನಿಯರಮ್ಮನವರ 30 ಸೆಂಟಿಮೀಟರ್ ಲೆಕ್ಕವೂ ಸರಿಹೋಗುತ್ತದೆ.

ಮಲೆನಾಡ ಅಟ್ಟ
ನಮ್ಮೂರ ಮನೆಯಲ್ಲಿ ಅಂಗಿಯಿಂದ ಹಿಡಿದು ನೊಗದವರೆಗೆ ಎಲ್ಲ ಗೂಟಕ್ಕೇ. ಗೋಡೆ ಕಟ್ಟುವಾಗಲೇ ಮರದ ಗೂಟ ಇಟ್ಟು ಕಟ್ಟುತ್ತಿದ್ದರು. ಈಗ ಬೆಂಗಳೂರಿನಲ್ಲಿ ಮಗನ ಫ್ಲ್ಯಾಟ್‌ನ ಹಾಲ್‌ನಲ್ಲಿ ಉಯ್ಯಾಲೆಗೆ ಬಿಟ್ಟ ಕೊಕ್ಕೆಗಳು ಸುಮ್ನೆ ಇವೆ. ಬಾವಿ ರಾಟೆ ಥರ ಹಾಕಿ ಸೈಕಲ್ ಮೇಲೆಳೆದರೆ ಹೇಗೆ?

ಸೈಟ್ ಎಂಜಿನಿಯರಮ್ಮ
ಸ್ಲ್ಯಾಬ್ ಹಾಕುವಾಗಲೇ ಕಂಬಿಗೆ ಕಟ್ಟಿ ಬಿಟ್ಟ ಉಯ್ಯಾಲೆ ಕೊಕ್ಕೆ ಆದರೆ ಇಬ್ಬರು ಕೂತು ತೂಗುವಷ್ಟು ಗಟ್ಟಿ, ಸೈಕಲ್ ಯಾವ ಲೆಕ್ಕ. ರಾಟೆಯೂ ಬರುತ್ತದೆ, ಹಗ್ಗ ತಾನಾಗೇ ಜಾರದಂತೆ ಹಿಡಿಯುವ ಬೀಗ ಇರುವುದನ್ನೇ ತೆಗೆದುಕೊಳ್ಳಿ, ಹಗ್ಗವನ್ನ ಗೋಡೆಯ ಕ್ಲೀಟ್‌ಗೂ (ಹಗ್ಗ ಸುತ್ತಿ ಕಟ್ಟುವ ಗೂಟ) ಸುತ್ತಿ. ಜನ ಕೂರುವ ಜಾಗದ ಮೇಲೆ ಬೇಡ. ಫ್ಯಾನ್ ಕೊಕ್ಕೆಗೆ ಮಾತ್ರ ಹಾಕಲೇಬೇಡಿ, ಅಲ್ಲಿ ವೈರೂ ಇರುತ್ತದೆ.

ಬ್ಯಾಟರಿ ಬಸವ
ನನ್ನದು ಎಲೆಕ್ಟ್ರಿಕ್ ಸೈಕಲ್, 20 ಕೆಜಿ ಮೇಲಿದೆ. ಅದನ್ನೂ ಎತ್ತಿ ಹಾಕಬಹುದಾ?

ಗ್ರೀಸ್ ಕೈ
ಬ್ಯಾಟರಿ ತೆಗೆದು ಹಾಕಿ, ಎರಡು ಮೂರು ಕೆಜಿ ಇಳಿಯುತ್ತದೆ. ಕೊಕ್ಕೆಯ ಎತ್ತರ ಸೈಕಲ್ ಉದ್ದಕ್ಕಿಂತ ಸ್ವಲ್ಪವೇ ಜಾಸ್ತಿ ಇಡಿ. ಆಗ ಹಿಂದಿನ ಚಕ್ರದ ಮೇಲೆ ಕುದುರೆ ಎಬ್ಬಿಸಿದ ಹಾಗೆ ನಿಲ್ಲಿಸಿ ಮುಂದೆ ತಳ್ಳಿದರೆ ಸಿಕ್ಕಿಕೊಳ್ಳುತ್ತದೆ, ಪೂರ್ತಿ ಎತ್ತೋ ಕೆಲಸ ಇಲ್ಲ. ಬ್ಯಾಟರಿ ಚಾರ್ಜಿಂಗ್ ಮಾತ್ರ ಮನೆ ಬಾಗಿಲ ಹತ್ತಿರ ಬೇಡ. ಏನಾದರೂ ಆದರೆ ಹೊರಗೆ ಹೋಗುವ ದಾರಿ ಅದೊಂದೇ.

ಮಲೆನಾಡ ಅಟ್ಟ
ನಮ್ಮ ಅಪ್ಪನ ಅಟ್ಲಾಸ್ ಸೈಕಲ್ ಕೂಡ ಬ್ಯಾಟರಿ ಇಲ್ಲದೇ ಅಷ್ಟೇ ತೂಕ ಇತ್ತು. ಅದರ ಮೇಲೆ ಅರ್ಧ ಮೂಟೆ ಅಡಿಕೆ. ಆ ಕಂಪನಿಯ ಸಾಹಿಬಾಬಾದ್ ಫ್ಯಾಕ್ಟರಿ 2020ರ ಜೂನ್ 3ಕ್ಕೆ ನಿಂತಿತು, ಅವತ್ತೇ ವಿಶ್ವ ಸೈಕಲ್ ದಿನ. ಪೇಪರ್‌ನಲ್ಲಿ ಓದಿ ಬೇಜಾರಾಯಿತು.

ಮೈಸೂರು ಮಲ್ಲಿಗೆ ಬಳ್ಳಿ
ಸೈಕಲ್ ಕೊಂಡರೆ ತಾನೇ ನೇತು ಹಾಕೋ ಚಿಂತೆ? ನಮ್ಮಲ್ಲಿ 2017ರಲ್ಲೇ ಟ್ರಿನ್ ಟ್ರಿನ್ ಅನ್ನೋ ಬಾಡಿಗೆ ಸೈಕಲ್ ಬಂತು, ಒಂದು ಸ್ಟ್ಯಾಂಡ್‌ನಲ್ಲಿ ತಗೊಂಡು ಬೇರೆ ಸ್ಟ್ಯಾಂಡ್‌ನಲ್ಲಿ ಬಿಟ್ಟು ಬರೋದು.

ಮೆಟ್ಟಿಲ ಕೆಳಗೆ
ಮೈಸೂರಿನವರು ಎಲ್ಲದರಲ್ಲೂ ಮೈಸೂರು ತರ್ತೀರಪ್ಪ. ಇಲ್ಲಿ ಮಡಚುವ ಸೈಕಲ್ಲಾದರೂ ಕೊಳ್ಳೋಣ ಅನ್ನಿಸುತ್ತದೆ, 2021ರಿಂದ ನಮ್ಮ ಮೆಟ್ರೋ ಕೊನೆಯ ಬೋಗಿಯಲ್ಲಿ ಅದಕ್ಕೆ ಬಿಡುತ್ತಾರೆ. ಮನೆಯಲ್ಲಿ ಶೂ ರ‍್ಯಾಕ್ ಪಕ್ಕ ಕೂರುತ್ತದೆ.

ಟೇಪು ಹಿಡಿದವಳು
ಚಿಕ್ಕ ಚಕ್ರದಲ್ಲಿ ನಮ್ಮ ರೋಡಿನ ಗುಂಡಿ ದಾಟಿ ನೋಡಿ, ಆಮೇಲೆ ಮಾತಾಡೋಣ.

ವಿಜಯನಗರದ ಸವಾರ
ಹಳೇ ಗಡಿಯಾರದ ತೂತಿನಲ್ಲಿ ಬಿಟ್ ಹಾಕಿ ನೋಡಿದೆ. ಬೂದು ಪುಡಿ, ಒಳಗೆ ಒಳ್ಳೇ ಗಟ್ಟಿ, ಸಾಲಿಡ್ ಬ್ಲಾಕ್ ಇರಬೇಕು. ಪೇಪರ್ ಸೈಕಲ್ಲೂ ಅಂಟಿಸಿದೆ, ಮನೆಯವಳು ಫೋಟೋ ತೆಗೆದು ಅವಳ ತವರಿನ ಗ್ರೂಪ್‌ಗೆ ಹಾಕಿದ್ದಾಳೆ. ತಿರುಗುವ ಕೊಕ್ಕೆಯನ್ನೇ ತರುತ್ತೇನೆ. ಅವಳ ಸೈಕಲ್ ಬುಟ್ಟಿ ಸಮೇತ ಬೆಡ್‌ರೂಮ್ ಕಿಟಕಿ ಕೆಳಗೆ. ಪ್ಯಾಸೇಜ್ ಗೋಡೆಯ ನಡುವೆ ಸ್ವಿಚ್‌ಬೋರ್ಡ್ ಇದೆ, ಅದರಿಂದ ಎಷ್ಟು ದೂರ ತೂತು ಹೊಡೆಯಬಹುದು?

ಸೈಟ್ ಎಂಜಿನಿಯರಮ್ಮ
ಬೋರ್ಡ್‌ನ ನೇರ ಮೇಲೆ, ನೇರ ಕೆಳಗೆ ಬೇಡವೇ ಬೇಡ, ವೈರ್ ಪೈಪು ಸಾಮಾನ್ಯವಾಗಿ ಬೋರ್ಡ್‌ನಿಂದ ಸೀಲಿಂಗ್‌ಗೆ ನೇರ ಹೋಗುತ್ತದೆ. ಎರಡು ಬೋರ್ಡ್‌ಗಳ ನಡುವೆ ಅದೇ ಎತ್ತರದಲ್ಲಿ ಅಡ್ಡವೂ ಹೋಗಿರಬಹುದು. ಪಕ್ಕಕ್ಕೆ ಒಂದಡಿಯಾದರೂ ಬಿಡಿ, ಮೇನ್ ಆಫ್ ಮಾಡಿಯೇ ಹೊಡೆಯಿರಿ, ಡ್ರಿಲ್‌ಗೆ ಪಕ್ಕದ ಮನೆಯಿಂದ ಕರೆಂಟ್ ತಗೊಳ್ಳಿ. ಗೋಡೆಯ ಆಚೆ ಬಚ್ಚಲು ಇದ್ದರೆ ನೀರಿನ ಪೈಪ್ ಎಲ್ಲಿದೆ ಅಂತಲೂ ನೋಡಿ.

ವಿಜಯನಗರದ ಸವಾರ
ಆಚೆ ಬಚ್ಚಲೇ ಇದೆ ಮೇಡಂ. ನಲ್ಲಿ ಎಡಗಡೆ ಮೂಲೆಯಲ್ಲಿದೆ, ಹಾಗಾದರೆ ಬಲಗಡೆ ಹೊಡೆಸುತ್ತೇನೆ. ಟೈರಿನ ಕಪ್ಪು ಕಲೆ ಗೋಡೆಗೆ ಆಗದ ಹಾಗೆ ಏನು ಮಾಡುತ್ತೀರಿ ಎಲ್ಲರೂ?

ಅಗ್ರಹಾರದ ಸೊಸೆ
ಚಕ್ರ ತಾಗುವ ಕಡೆ ಸನ್‌ಮೈಕಾ ತುಂಡು ಅಂಟಿಸಿ, ಕಾರ್ಪೆಂಟರ್ ಹತ್ತಿರ ಉಳಿದ ಚೂರು ಬಿಟ್ಟಿ ಸಿಗುತ್ತದೆ. ಡಬಲ್ ಟೇಪ್‌ನಲ್ಲಿ ಅಂಟಿಸಿದರೆ ಬಿಚ್ಚುವಾಗ ಪೇಂಟ್ ಕಿತ್ತು ಬರುತ್ತದೆ, ಮೇಲೆರಡು ಚಿಕ್ಕ ಮೊಳೆ ಸಾಕು.

ಬಾಡಿಗೆ ಬದುಕು
ಮತ್ತೆರಡು ತೂತು!